ಕಾವಲೂರಿಗೆ ಯಾವ ಶನಿವಾರ?

ಮಕ್ಕಳೇ, ಚನ್ನಪಟ್ಟಣದ ಹತ್ತಿರದ ನಮ್ಮ ಬೈರಾಪಟ್ಟಣದಲ್ಲೇ ಕುಳಿತು ಒಂದು ಪ್ರವಾಸದ ಲೆಕ್ಕ ಹಾಕೋಣ ಬನ್ನಿ. ಮೈಸೂರಿನ ಅರಮನೆಗಾಗಲಿ, ರಾಮನಗರದ ಜಾನಪದ ಲೋಕಕ್ಕಾಗಲಿ ಹೋಗುವುದಾದರೆ ಇಷ್ಟು ಲೆಕ್ಕ ಬೇಡ. ರಜೆ ಸಿಕ್ಕ ದಿನ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರಾಯಿತು. ನಾವು ಹೊರಟಿರುವುದು ಖಗೋಳ ವೀಕ್ಷಣಾಲಯಕ್ಕೆ. ಅಲ್ಲಿ ನೋಡಬೇಕಾದ್ದೆಲ್ಲ ಕಟ್ಟಡದ ಮೇಲಿರುತ್ತದೆ, ಅದೂ ದಿನಕ್ಕೊಂದು ಜಾಗದಲ್ಲಿ. ದಿನ ತಪ್ಪಿದರೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಿ ಬರೀ ಮೋಡ ನೋಡಿಕೊಂಡು ಬರಬೇಕಾದೀತು.

ನಮಗೆ ಹತ್ತಿರದ ದೊಡ್ಡ ವೀಕ್ಷಣಾಲಯ ಇರುವುದು ತಮಿಳುನಾಡಿನ ತಿರುಪತ್ತೂರು ಜಿಲ್ಲೆಯ ಕಾವಲೂರಿನಲ್ಲಿ, ಜವಾದಿ ಬೆಟ್ಟಗಳ ನಡುವಿನ ಕಾಡಿನಲ್ಲಿ. ಅದರ ಹೆಸರು ವೈನು ಬಪ್ಪು ವೀಕ್ಷಣಾಲಯ. ಊರು ತಮಿಳುನಾಡಿನದಾದರೂ ಅದನ್ನು ನಡೆಸುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್, ಅಲ್ಲಿಂದ ಕಾವಲೂರಿಗೆ ಸುಮಾರು 175. ಹೊಸೂರು, ಕೃಷ್ಣಗಿರಿ, ವಾಣಿಯಂಬಾಡಿ, ಆಲಂಗಾಯಂ, ಆಮೇಲೆ ಬೆಟ್ಟದ ದಾರಿ. ರೈಲಿನಲ್ಲಿ ಹೋಗುವವರು ಚನ್ನಪಟ್ಟಣದಲ್ಲಿ ಹತ್ತಿ, ಬೆಂಗಳೂರಿನಲ್ಲಿ ಗಾಡಿ ಬದಲಿಸಿ, ಜೋಲಾರ್‌ಪೇಟೆಯಲ್ಲೋ ವಾಣಿಯಂಬಾಡಿಯಲ್ಲೋ ಇಳಿದು ಬಸ್ಸು ಹಿಡಿಯಬಹುದು.

ಸಾರ್ವಜನಿಕರಿಗೆ ಅಲ್ಲಿ ಆಕಾಶ ತೋರಿಸುವುದು ಶನಿವಾರಗಳಂದು. ಉಳಿದ ರಾತ್ರಿಗಳಲ್ಲಿ ವಿಜ್ಞಾನಿಗಳು ತಮ್ಮ ಕೆಲಸದಲ್ಲಿರುತ್ತಾರೆ. ಸಮಯ, ನೋಂದಣಿಯ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮೊದಲು ಸಂಸ್ಥೆಯ ಜಾಲತಾಣ ನೋಡಲು ದೊಡ್ಡವರಿಗೆ ಹೇಳಿ. ಶಾಲೆಯಿಂದ ಗುಂಪಾಗಿ ಹೋಗುವುದಾದರೆ ಮೇಷ್ಟ್ರು ಮುಂಚೆಯೇ ಪತ್ರ ಬರೆಯುವುದು ಒಳ್ಳೆಯದು. ಇಷ್ಟು ಕೆಲಸ ದೊಡ್ಡವರದು.

ನಿಮ್ಮ ಕೆಲಸ ಯಾವ ಶನಿವಾರ ಎಂದು ಗೊತ್ತುಮಾಡುವುದು. ವರ್ಷಕ್ಕೆ ಐವತ್ತೆರಡು ಶನಿವಾರಗಳು. ಒಳ್ಳೆಯದನ್ನು ಆರಿಸಲು ನಿಮ್ಮ ಮನೆಯ ಗೋಡೆಯ ಮೇಲಿರುವ ಕ್ಯಾಲೆಂಡರೇ ಸಾಕು. ಅದೇ, ಹಬ್ಬ ಹುಣ್ಣಿಮೆ ನೋಡಲು ಅಜ್ಜಿ ಕನ್ನಡಕ ಹಾಕಿಕೊಂಡು ತಿರುವುತ್ತಾರಲ್ಲ, ಅದು.

ಮೊದಲು ಚಂದ್ರನನ್ನು ವಿಚಾರಿಸೋಣ. ಬಹಳ ಮಕ್ಕಳು ಹುಣ್ಣಿಮೆಯ ದಿನವೇ ಚೆನ್ನ ಎಂದುಕೊಳ್ಳುತ್ತಾರೆ. ದೂರದರ್ಶಕದ ಮಟ್ಟಿಗೆ ಅದರಷ್ಟು ಕೆಟ್ಟ ರಾತ್ರಿ ಇನ್ನೊಂದಿಲ್ಲ. ಪೂರ್ಣಚಂದ್ರನ ಬೆಳಕು ಅರ್ಧಚಂದ್ರನ ಎರಡರಷ್ಟಲ್ಲ, ಸುಮಾರು ಹತ್ತರಷ್ಟು. ಆ ಬೆಳಕಿಗೆ ಮಂಕು ನಕ್ಷತ್ರಗಳೆಲ್ಲ ಮುಳುಗಿಹೋಗುತ್ತವೆ. ಹೋಗಲಿ, ಚಂದ್ರನನ್ನಾದರೂ ನೋಡೋಣ ಎಂದರೆ ಅದೂ ಸಪ್ಪೆ. ಹುಣ್ಣಿಮೆಯಂದು ಸೂರ್ಯನ ಬೆಳಕು ಚಂದ್ರನ ಮೇಲೆ ನಮ್ಮ ಬೆನ್ನ ಕಡೆಯಿಂದ ನೇರವಾಗಿ ಬೀಳುವುದರಿಂದ ಅಲ್ಲಿನ ಬೆಟ್ಟಗಳಿಗೂ ಕುಳಿಗಳಿಗೂ ನೆರಳೇ ಕಾಣುವುದಿಲ್ಲ. ನೆರಳಿಲ್ಲದಿದ್ದರೆ ಯಾವುದು ಎತ್ತರ, ಯಾವುದು ತಗ್ಗು ಎಂದು ತಿಳಿಯುವುದು ಹೇಗೆ?

ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯ ಚಂದ್ರನನ್ನು ನೋಡಿ. ಅರ್ಧ ಬೆಳಕು, ಅರ್ಧ ಕತ್ತಲೆ. ಎರಡರ ನಡುವಿನ ಗೆರೆಯ ಮೇಲೆ ಚಂದ್ರನಲ್ಲಿ ಆಗಷ್ಟೇ ಬೆಳಗಾಗುತ್ತಿರುತ್ತದೆ. ಸೂರ್ಯ ತೀರಾ ಕೆಳಗಿರುವುದರಿಂದ ನೆರಳುಗಳು ಉದ್ದವಾಗಿ ಚಾಚಿಕೊಳ್ಳುತ್ತವೆ. ಕುಳಿಯ ಒಂದು ಅಂಚು ಮಿಂಚುತ್ತಿರುತ್ತದೆ, ಒಳಗೆ ಮಸಿಗತ್ತಲು. ಕೆಲವು ಕುಳಿಗಳ ನಟ್ಟನಡುವಿನ ಬೆಟ್ಟದ ತುದಿ ಮಾತ್ರ ಬೆಳಕು ಹಿಡಿದು ಒಂಟಿ ಚುಕ್ಕೆಯಾಗಿ ನಿಂತಿರುತ್ತದೆ. ಹತ್ತು ನಿಮಿಷ ಬಿಡದೆ ನೋಡಬೇಕೆನಿಸುವುದು ಆ ಗೆರೆಯೊಂದನ್ನೇ.

ಚಂದ್ರನೇ ಬೇಡ, ನಕ್ಷತ್ರ ಬೇಕು ಎನ್ನುವವರು ಅಮಾವಾಸ್ಯೆಯ ಆಸುಪಾಸು ಹುಡುಕಬೇಕು. ಹುಣ್ಣಿಮೆ ಕಳೆದು ಏಳೆಂಟು ದಿನಗಳ ಮೇಲಿನ ಶನಿವಾರವೂ ಆದೀತು. ಚಂದ್ರ ದಿನವೊಂದಕ್ಕೆ ಸುಮಾರು 50 ನಿಮಿಷ ತಡವಾಗಿ ಮೂಡುತ್ತಾನಲ್ಲ, ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಅವನು ಬರುವುದು ನಡುರಾತ್ರಿಗೆ. ಅಷ್ಟರಲ್ಲಿ ನೀವು ನೋಡಿ ಮುಗಿಸಿರುತ್ತೀರಿ.

ಒಂದು ತಿಂಗಳನ್ನೇ ಹಿಡಿದು ನೋಡೋಣ. 2027ರ ಫೆಬ್ರವರಿ. ಆ ತಿಂಗಳ ನಾಲ್ಕು ಶನಿವಾರಗಳು 6, 13, 20, 27. ಯಾರೋ ನಮಗಾಗಿಯೇ ಜೋಡಿಸಿಟ್ಟಂತೆ ನಾಲ್ಕೂ ನಾಲ್ಕು ಬಗೆ. 6ರಂದು ಅಮಾವಾಸ್ಯೆ. 13ರಂದು ಹೆಚ್ಚುಕಡಿಮೆ ಅರ್ಧಚಂದ್ರ. 20ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹುಣ್ಣಿಮೆ ಕೂಡುತ್ತದೆ. 27ರಂದು ಚಂದ್ರ ಮೂಡುವುದು ನಡುರಾತ್ರಿಯ ಸುಮಾರಿಗೆ. ಇದರ ಮೇಲೆ ಇನ್ನೊಂದು ಲಾಭವಿದೆ. ಆ ತಿಂಗಳ ಎರಡನೇ ವಾರದಲ್ಲಿ ಗುರು, 19ರಂದು ಮಂಗಳ, ಎರಡೂ ಭೂಮಿಯಿಂದ ನೋಡಿದಾಗ ಸೂರ್ಯನಿಗೆ ಎದುರು ದಿಕ್ಕಿಗೆ ಬರುತ್ತವೆ. ಎದುರಿದ್ದಾಗ ಗ್ರಹ ನಮಗೆ ಹತ್ತಿರವಿರುತ್ತದೆ, ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತದೆ. ಪಶ್ಚಿಮದಲ್ಲಿ ಶನಿಯೂ ಇನ್ನೂ ಮುಳುಗಿರುವುದಿಲ್ಲ. ಶನಿಯ ಉಂಗುರ 2025ರ ಮಾರ್ಚ್‌ನಲ್ಲಿ ನಮ್ಮ ಕಡೆಗೆ ಅಂಚು ತಿರುಗಿಸಿ ಬರೀ ಗೆರೆಯಷ್ಟಾಗಿತ್ತು. ಈಗ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ, 2032ರವರೆಗೂ ಆಗುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ 13ನೇ ತಾರೀಖಿಗೆ ಗುರುತು ಹಾಕಿ. ಚಂದ್ರನೂ ಸಿಗುತ್ತಾನೆ, ಗ್ರಹಗಳೂ ಸಿಗುತ್ತವೆ. ನಿಮ್ಮಲ್ಲಿ ನಕ್ಷತ್ರದ ಹುಚ್ಚು ಹೆಚ್ಚಿರುವವರು 6ನ್ನೇ ಹಿಡಿಯುತ್ತೀರಿ ಎಂಬುದೂ ಗೊತ್ತು.

ಫೆಬ್ರವರಿಯೇ ಏಕೆ? ಮಳೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಮೋಡ, ಅದು ಹೋಯಿತೆನ್ನುವಷ್ಟರಲ್ಲಿ ತಮಿಳುನಾಡಿಗೆ ಹಿಂಗಾರು. ಜನವರಿಯಿಂದ ಏಪ್ರಿಲ್‌ವರೆಗೆ ಆಕಾಶ ತಿಳಿಯಾಗಿರುವ ಸಂಭವ ಹೆಚ್ಚು. ಮಾರ್ಚ್‌ನಲ್ಲಿ ನಿಮಗೆ ಪರೀಕ್ಷೆ. ಇನ್ನುಳಿದದ್ದು ನೀವೇ ಎಣಿಸಿ.

ಮಳೆ ಎಂದಾಗ ಒಂದು ಮಾತು. ನಿಮ್ಮ ತಾತ ರಾಗಿ ಹೊಲದ ಮಾತು ಬಂದರೆ ರೋಹಿಣಿ ಮಳೆ, ಆರಿದ್ರಾ ಮಳೆ ಎಂದು ಲೆಕ್ಕ ಹೇಳುತ್ತಾರೆ. ಆರಿದ್ರಾ ಮಳೆ ಹುಟ್ಟುವುದು ಜೂನ್ 21, 22ರ ಸುಮಾರಿಗೆ. ಸೂರ್ಯ ಆರ್ದ್ರಾ ನಕ್ಷತ್ರದ ಭಾಗಕ್ಕೆ ಬಂದ ಎಂದು ಅದರ ಅರ್ಥ. ಹಾಗಾದರೆ ಆರಿದ್ರಾ ಮಳೆಯ ದಿನಗಳಲ್ಲಿ ಆ ನಕ್ಷತ್ರ ಎಲ್ಲಿ ಕಾಣುತ್ತದೆ? ಎಲ್ಲಿಯೂ ಕಾಣದು! ಹಗಲಿಡೀ ಸೂರ್ಯನ ಜೊತೆಯಲ್ಲೇ ಆಕಾಶ ದಾಟಿ, ಅವನ ಜೊತೆಯಲ್ಲೇ ಮುಳುಗುತ್ತದೆ. ಅದನ್ನು ಕಾಣಬೇಕಾದರೆ ಭೂಮಿ ಸೂರ್ಯನ ಸುತ್ತ ಅರ್ಧ ಸುತ್ತು ಹಾಕಿ ಆಚೆ ಬದಿಗೆ ಹೋಗಬೇಕು, ಅಂದರೆ ಆರು ತಿಂಗಳು ಕಾಯಬೇಕು. ಫೆಬ್ರವರಿ ನಡುವಿನಲ್ಲಿ ರಾತ್ರಿ ಎಂಟೂವರೆಗೆ ತಲೆಯೆತ್ತಿ ನೋಡಿ. ನೆತ್ತಿಯ ಹತ್ತಿರ ಕೆಂಪಗೆ ಹೊಳೆಯುತ್ತಿರುವುದೇ ಆರ್ದ್ರಾ. ಅದಿರುವ ನಕ್ಷತ್ರಪುಂಜ ಮಹಾವ್ಯಾಧ. ನಡುಪಟ್ಟಿಯಂತೆ ಸಾಲಾಗಿ ಮೂರು ನಕ್ಷತ್ರಗಳಿರುವುದರಿಂದ ಗುರುತು ತಪ್ಪುವುದಿಲ್ಲ. ತಾತನನ್ನೂ ಅಂಗಳಕ್ಕೆ ಕರೆದು ತೋರಿಸಿ. ಹೆಸರನ್ನು ವರ್ಷ ವರ್ಷವೂ ಹೇಳುವವರು ಅದರ ಮುಖ ನೋಡಿರದೆ ಇರಬಹುದು.

ಹೋಗುವ ವಾರ ಊರಲ್ಲೇ ಒಂದಿಷ್ಟು ಅಭ್ಯಾಸ ಮಾಡಿ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿಯಷ್ಟು ಜಾಗ ಮುಚ್ಚುತ್ತದೆ. ನಿಮ್ಮ ಕೈ ಚಿಕ್ಕದಾದರೆ ತೋಳೂ ಚಿಕ್ಕದಿರುತ್ತದೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಉತ್ತರಕ್ಕೆ ಮರ ಮನೆ ಅಡ್ಡವಿಲ್ಲದ ಕಡೆ ನಿಂತು, ನೆಲ ಆಕಾಶ ಸೇರುವ ಗೆರೆಯಿಂದ ಒಂದೂಕಾಲು ಮುಷ್ಟಿ ಮೇಲಕ್ಕೆ ಅಳೆಯಿರಿ. ಅಲ್ಲೊಂದು ಸಾಧಾರಣ ಹೊಳಪಿನ ನಕ್ಷತ್ರ ಸಿಗಬೇಕು. ಅದು ಧ್ರುವ. ಒಂಬತ್ತರ ಮೇಲಾದರೆ ಈಶಾನ್ಯದಲ್ಲಿ ಮೂಡುತ್ತಿರುವ ಸಪ್ತರ್ಷಿ ಮಂಡಲದ ಮುಂದಿನ ಎರಡು ನಕ್ಷತ್ರಗಳು ಅದರ ಕಡೆಗೆ ದಾರಿ ತೋರಿಸುತ್ತವೆ. ಬೆಂಗಳೂರಿನ ದೀಪಗಳ ಮಬ್ಬು ಬೆಳಕೂ ನಮ್ಮೂರಿಗೆ ಈಶಾನ್ಯದಿಂದಲೇ ಬರುತ್ತದೆ. ಸ್ವಲ್ಪ ತಾಳ್ಮೆ ಇರಲಿ.

ಧ್ರುವ ಕದಲದೆ ನಿಂತಿರುವುದೇಕೆ? ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಲೇತ್ ನೋಡಿರುತ್ತೀರಿ. ಆಲೆಮರದ ತುಂಡು ಗಿರಗಿರನೆ ತಿರುಗುತ್ತಿರುವಾಗ ಅದರ ಮೈಗೆ ಅರಗಿನ ಕಡ್ಡಿ ಒತ್ತಿದರೆ ಸುತ್ತಲೂ ಬಣ್ಣದ ಪಟ್ಟೆ ಬೀಳುತ್ತದೆ. ಅದೇ ಕಡ್ಡಿಯನ್ನು ತುಂಡಿನ ತುದಿಯ ನಟ್ಟನಡುವೆ ಮುಟ್ಟಿಸಿದರೆ ಪಟ್ಟೆ ಇಲ್ಲ, ಒಂದು ಚುಕ್ಕೆ ಅಷ್ಟೇ. ಭೂಮಿ ತಿರುಗುವುದರಿಂದ ಉಳಿದ ನಕ್ಷತ್ರಗಳೆಲ್ಲ ಪಟ್ಟೆ ಎಳೆಯುತ್ತವೆ. ಧ್ರುವ ಆ ನಡುಬಿಂದುವಿನ ಹತ್ತಿರ ಇರುವುದರಿಂದ ಚುಕ್ಕೆಯಾಗಿಯೇ ಉಳಿಯುತ್ತದೆ. ಅದು ನೆಲದಿಂದ ಎಷ್ಟು ಡಿಗ್ರಿ ಮೇಲಿದೆಯೋ ಅದೇ ನಿಮ್ಮ ಊರಿನ ಅಕ್ಷಾಂಶ. ಚನ್ನಪಟ್ಟಣದ್ದೂ ಕಾವಲೂರಿನದ್ದೂ ಸುಮಾರು ಹನ್ನೆರಡೂವರೆ ಡಿಗ್ರಿ. ಅಷ್ಟು ದೂರ ಹೋದರೂ ನೀವು ಹೋಗಿದ್ದು ಹೆಚ್ಚಾಗಿ ಪೂರ್ವಕ್ಕೆ, ಧ್ರುವ ಅದೇ ಎತ್ತರದಲ್ಲಿರುತ್ತದೆ. ಅಲ್ಲಿಯೂ ಮುಷ್ಟಿ ಹಿಡಿದು ಅಳೆದು ನೋಡಿ.

ಈ ಹನ್ನೆರಡೂವರೆ ಡಿಗ್ರಿಯನ್ನು ಕಾವಲೂರಿನ ದೊಡ್ಡ ದೂರದರ್ಶಕದಲ್ಲೇ ಕಾಣಬಹುದು. ಭೂಮಿ ತಿರುಗಿದಂತೆ ನಕ್ಷತ್ರ ಜಾರಿಹೋಗಬಾರದೆಂದರೆ ದೂರದರ್ಶಕವೂ ಅದೇ ವೇಗದಲ್ಲಿ ಹಿಮ್ಮುಖವಾಗಿ ತಿರುಗಬೇಕು. ಅದು ತಿರುಗುವ ಅಚ್ಚು ಧ್ರುವದ ಕಡೆಗೆ ಮುಖ ಮಾಡಿರಬೇಕು. ಜರ್ಮನಿಯಂಥ ದೇಶದಲ್ಲಿ ಆ ಅಚ್ಚು ಅರ್ಧ ಎದ್ದು ನಿಂತಿರುತ್ತದೆ. ನಮ್ಮಲ್ಲಿ ಧ್ರುವ ತಗ್ಗಿನಲ್ಲಿರುವುದರಿಂದ ಅಚ್ಚು ಹೆಚ್ಚುಕಡಿಮೆ ಮಲಗಿಯೇ ಇದೆ. ಅದರ ಉತ್ತರದ ತುದಿಯಲ್ಲಿ ಕುದುರೆ ಲಾಳದ ಆಕಾರದ ಭಾರಿ ಉಕ್ಕಿನ ಚೌಕಟ್ಟಿದೆ, ಅದರ ಬಾಯೊಳಗಿಂದ ದೂರದರ್ಶಕ ಧ್ರುವದ ಕಡೆಗೂ ಇಣುಕಬಲ್ಲದು. ಒಳಗೆ ಹೋದಾಗ ಎಲ್ಲರೂ ಕನ್ನಡಿ ಎಷ್ಟು ದೊಡ್ಡದು ಎಂದು ಕೇಳುತ್ತಾರೆ. 2.34 ಮೀಟರ್ ಅಗಲ. ನೀವು ಆ ಲಾಳವನ್ನೂ ಹುಡುಕಿ.

ಇದನ್ನೆಲ್ಲ ಕಟ್ಟಿದ ಕನಸು ವೈನು ಬಪ್ಪು ಅವರದು. 1949ರಲ್ಲಿ, ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗಲೇ ಅವರು ಒಂದು ಧೂಮಕೇತುವನ್ನು ಪತ್ತೆಮಾಡಿದರು. ಅದಕ್ಕೆ ಇನ್ನಿಬ್ಬರ ಹೆಸರಿನ ಜೊತೆ ಅವರ ಹೆಸರೂ ಸೇರಿದೆ. ಮುಂದೆ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದ ಅವರು ರಾತ್ರಿಯ ಆಕಾಶಕ್ಕೆ ತಕ್ಕ ಜಾಗ ಹುಡುಕುತ್ತಾ ಕಾವಲೂರನ್ನು ಆರಿಸಿದರು. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ, ಸುತ್ತ ಕಾಡು, ಊರುಗಳ ದೀಪ ದೂರ. ಸಮಭಾಜಕ ವೃತ್ತಕ್ಕೆ ಹತ್ತಿರವಾದ್ದರಿಂದ ಉತ್ತರದ ಆಕಾಶದ ಜೊತೆಗೆ ದಕ್ಷಿಣದ ಆಕಾಶದ ಬಹುಪಾಲು ಇಲ್ಲಿ ಸಿಗುತ್ತದೆ. ಲಂಡನ್ನಿನ ಮಕ್ಕಳು ತಮ್ಮ ಊರಿನಿಂದ ಎಂದೂ ಕಾಣಲಾಗದ ಅಗಸ್ತ್ಯ ನಕ್ಷತ್ರ ನಿಮಗೆ ದಕ್ಷಿಣದಲ್ಲಿ ಎರಡೂವರೆ ಮುಷ್ಟಿ ಎತ್ತರದಲ್ಲಿ ಆರಾಮಾಗಿ ಹೊಳೆಯುತ್ತದೆ. ದೊಡ್ಡ ದೂರದರ್ಶಕ ಕೆಲಸ ಶುರುಮಾಡುವುದನ್ನು ನೋಡಲು ಬಪ್ಪು ಇರಲಿಲ್ಲ. ಅವರು 1982ರಲ್ಲಿ ತೀರಿಕೊಂಡರು, ಅದರ ಉದ್ಘಾಟನೆಯಾದದ್ದು 1986ರ ಜನವರಿ 6ರಂದು.

ಅಲ್ಲಿಯೇ ಇರುವ 1 ಮೀಟರ್ ದೂರದರ್ಶಕ ಇನ್ನೂ ಹಳೆಯದು, 1972ರದು. ನೋಡಲು ಅದು ಅಷ್ಟು ಭಾರಿಯಲ್ಲ, ಕಥೆ ಮಾತ್ರ ಭಾರಿ. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಇದೇ ದೂರದರ್ಶಕದಲ್ಲಿ ಆ ನಕ್ಷತ್ರದ ಬೆಳಕನ್ನು ಅಳೆಯುತ್ತಾ ಕುಳಿತಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ಬೆಳಕು ಕೆಲವೇ ಸೆಕೆಂಡು ಕುಗ್ಗಿ ಮತ್ತೆ ಸರಿಹೋಯಿತು. ಯಾವುದೋ ಹೊಸ ಉಪಗ್ರಹ ಅಡ್ಡ ಬಂದಿರಬೇಕು ಎಂದುಕೊಂಡರು. ಅದೇ ರಾತ್ರಿ ವಿಮಾನದೊಳಗೆ ದೂರದರ್ಶಕ ಇಟ್ಟುಕೊಂಡು ಹಾರುತ್ತಿದ್ದ ಅಮೆರಿಕದ ವಿಜ್ಞಾನಿಗಳಿಗೆ ಬೆಳಕು ಹಲವು ಬಾರಿ ಕುಗ್ಗಿದ್ದು ಸಿಕ್ಕಿತ್ತು, ಗ್ರಹದ ಎರಡೂ ಬದಿಯಲ್ಲಿ. ಅಡ್ಡ ಬಂದದ್ದು ಉಂಗುರಗಳು! ಯುರೇನಸ್ಸಿಗೂ ಉಂಗುರವಿದೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ. ಮುಂದೆ 1988ರ ಫೆಬ್ರವರಿಯಲ್ಲಿ ಆರ್. ರಾಜಮೋಹನ್ ಕಾವಲೂರಿನಿಂದಲೇ ಒಂದು ಕ್ಷುದ್ರಗ್ರಹ ಕಂಡುಹಿಡಿದರು, ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟಿದ್ದಾರೆ.

ಈಗ ಸ್ವಲ್ಪ ನಿರಾಸೆಯ ಮಾತು, ಮೊದಲೇ ಹೇಳಿಬಿಡುವುದು ವಾಸಿ. ಆ ದೊಡ್ಡ ದೂರದರ್ಶಕಕ್ಕೆ ನೀವು ಕಣ್ಣಿಡುವುದಿಲ್ಲ. ವಿಜ್ಞಾನಿಗಳೂ ಇಡುವುದಿಲ್ಲ, ಕ್ಯಾಮೆರಾ ಮತ್ತು ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕಗಳು ಅವರ ಪರವಾಗಿ ನೋಡುತ್ತವೆ. ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನಂತೂ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ನಿಮಗೆ ತೋರಿಸುವುದು ಆರು ಇಂಚಿನಂಥ ಚಿಕ್ಕ ದೂರದರ್ಶಕದಲ್ಲಿ. ಚಿಕ್ಕದೆಂದು ಮೂಗು ಮುರಿಯಬೇಡಿ. ಕತ್ತಲಲ್ಲಿ ನಿಮ್ಮ ಕಣ್ಣಿನ ಪಾಪೆ ಅರಳಿದರೂ 7 ಮಿಲಿಮೀಟರ್ ಅಷ್ಟೇ. ಆರು ಇಂಚಿನ ಗಾಜು ಅದಕ್ಕಿಂತ ಸುಮಾರು 450 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. 2.34 ಮೀಟರ್ ಕನ್ನಡಿ ಎಷ್ಟು ಪಟ್ಟು ಹಿಡಿಯುತ್ತದೆ, ನೀವೇ ಲೆಕ್ಕ ಮಾಡಿ. ಉತ್ತರ ಒಂದು ಲಕ್ಷ ದಾಟಬೇಕು.

ಪುಸ್ತಕದಲ್ಲಿ ನೋಡಿದ ಗುಲಾಬಿ, ನೀಲಿ ಬಣ್ಣಗಳನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಮಹಾವ್ಯಾಧನ ಪಟ್ಟಿಯ ಕೆಳಗಿರುವ ನೀಹಾರಿಕೆ ಕಾಣುವುದು ಬೂದು ಹೊಗೆಯಂತೆ, ನಡುವೆ ನಾಲ್ಕು ಪುಟ್ಟ ನಕ್ಷತ್ರಗಳು. ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿಕೊಂಡು ಬಣ್ಣ ತೋರಿಸುತ್ತದೆ. ಆದರೆ ಆ ಬೂದು ಹೊಗೆಯ ಬೆಳಕು ಹೊರಟು ಸುಮಾರು 1,300 ವರ್ಷವಾಯಿತು. ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟದ್ದು ಈಗ ಬಂದು ನಿಮ್ಮ ಕಣ್ಣಿಗೆ ತಾಗುತ್ತದೆ. ಕೃತ್ತಿಕೆಯ ಬೆಳಕು ಹೊರಟು ಸುಮಾರು 440 ವರ್ಷ. ಆಗ ಬೆಂಗಳೂರಿನಲ್ಲಿ ಕೆಂಪೇಗೌಡರ ಮನೆತನದ ಆಳ್ವಿಕೆ. ರೋಹಿಣಿಯದು 65 ವರ್ಷ, ನಿಮ್ಮ ಅಜ್ಜಿಯ ವಯಸ್ಸಿನ ಬೆಳಕು.

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಯಾರಾದರೂ ಮೊಬೈಲ್ ಬೆಳಗಿಸಿದರೆ ಅಷ್ಟೂ ನಿಮಿಷ ದಂಡ, ಮೊದಲಿನಿಂದ ಶುರು. ಆದ್ದರಿಂದ ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಹಾಳೆ ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ. ಮಂದ ಕೆಂಪು ಬೆಳಕು ಕಣ್ಣಿನ ಕತ್ತಲ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. ಮಂಕಾದುದನ್ನು ನೋಡುವಾಗ ನೇರ ದಿಟ್ಟಿಸದೆ ಓರೆಗಣ್ಣಲ್ಲಿ ನೋಡಿದರೆ ಹೆಚ್ಚು ಕಾಣುತ್ತದೆ. ಕಾಲಿಗೆ ಶೂ ಹಾಕಿ, ಅದು ಕಾಡು. ಸ್ವೆಟರ್ ಇರಲಿ. ತಿಂಡಿ ನೀರು ಜೊತೆಗಿರಲಿ, ಬೆಟ್ಟದ ಮೇಲೆ ಹೋಟೆಲು ಸಿಕ್ಕೀತೆಂದು ನಂಬಿ ಹೋಗಬೇಡಿ. ರಾತ್ರಿ ಎಚ್ಚರವಿದ್ದು ಹಗಲು ಮಲಗುವವರು ಅಲ್ಲಿರುತ್ತಾರೆ, ಮಧ್ಯಾಹ್ನವೇ ತಲುಪಿದರೆ ಗಲಾಟೆ ಬೇಡ. ಇನ್ನು, ದೂರದರ್ಶಕದಲ್ಲಾಗಲಿ ದುರ್ಬೀನಿನಲ್ಲಾಗಲಿ ಸೂರ್ಯನನ್ನು ಮಾತ್ರ ಎಂದೂ ನೋಡಕೂಡದು. ಕಣ್ಣು ಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಮೋಡ ಕವಿದರೆ? ಕವಿಯಬಹುದು. ಅಂಥ ರಾತ್ರಿಗಳು ವಿಜ್ಞಾನಿಗಳಿಗೂ ಬರುತ್ತವೆ, ಮುಂಚೆಯೇ ಕೇಳಿ ಪಡೆದ ರಾತ್ರಿಯೂ ಹಾಗೆ ಹೋಗುವುದುಂಟು. ಗುಮ್ಮಟ, ಲಾಳ, ಕನ್ನಡಿ ನೋಡಿಕೊಂಡು ಬಂದು ಮುಂದಿನ ಶನಿವಾರ ಹುಡುಕಿ. ಇಲ್ಲವೇ ಒಂದು ಹಗಲು ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯಕ್ಕೆ ಹೋಗಿ. 1989ರಿಂದ ನಡೆಯುತ್ತಿರುವ ಆ ತಾರಾಲಯದಲ್ಲಿ ಕನ್ನಡದಲ್ಲೇ ಪ್ರದರ್ಶನವಿರುತ್ತದೆ, ಮೋಡದ ಕಾಟವಿಲ್ಲ. ಸಾಧ್ಯವಾದರೆ ಕಾವಲೂರಿಗೆ ಮೊದಲೇ ಅದನ್ನು ಮುಗಿಸಿಬಿಡಿ, ನಕ್ಷತ್ರಗಳ ಪರಿಚಯ ಆಗಿರುತ್ತದೆ.

ಆಕಾಶ ತೆರೆದಿದ್ದರೆ ಗುರುವಿನ ಸರದಿ ಬಂದಾಗ ಅವಸರ ಮಾಡಬೇಡಿ. ಅದರ ಎಡಬಲಕ್ಕೆ ಒಂದೇ ಸಾಲಿನಲ್ಲಿ ನಾಲ್ಕು ಚುಕ್ಕೆಗಳು ಕಾಣಬಹುದು, ಕೆಲವೊಮ್ಮೆ ಮೂರು. 1610ರ ಜನವರಿಯಲ್ಲಿ ಗೆಲಿಲಿಯೊ ನೋಡಿದ ಉಪಗ್ರಹಗಳವು. ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಬರೆದು, ಯಾವ ಬದಿಗೆ ಎಷ್ಟು ದೂರದಲ್ಲಿ ಯಾವ ಚುಕ್ಕೆ ಎಂದು ಗುರುತು ಮಾಡಿ, ಗಂಟೆ ಬರೆದುಕೊಳ್ಳಿ. ಮಾರನೆಯ ರಾತ್ರಿ, ಭಾನುವಾರ, ಊರಲ್ಲಿ ಯಾರ ಬಳಿಯಾದರೂ ದುರ್ಬೀನು ಸಿಕ್ಕರೆ ತಂದು, ಮಾಳಿಗೆಯ ಗೋಡೆಗೆ ಮೊಣಕೈ ಊರಿ ಮತ್ತೆ ಗುರುವನ್ನು ನೋಡಿ. ಒಳಗಿನ ಉಪಗ್ರಹ ಅಯೋ ಒಂದು ಸುತ್ತು ಮುಗಿಸಲು ತೆಗೆದುಕೊಳ್ಳುವುದು 42 ಗಂಟೆ ಮಾತ್ರ. ಶನಿವಾರ ಒಂದು ಬದಿಯಲ್ಲಿದ್ದದ್ದು ಅಷ್ಟರಲ್ಲಿ ಇನ್ನೊಂದು ಬದಿಗೆ ದಾಟಿರುತ್ತದೆ. ಗುರುವಿನ ಹೊಳಪಿಗೆ ತೀರಾ ಹತ್ತಿರವಿದ್ದರೆ ಅದು ದುರ್ಬೀನಿಗೆ ಸಿಗದಿರಬಹುದು, ಹೊರಗಿನವು ಸಿಗುತ್ತವೆ. ಎರಡನೇ ಚಿತ್ರವನ್ನು ಮೊದಲನೆಯದರ ಕೆಳಗೇ ಬರೆಯಿರಿ, ಅಳತೆ ಒಂದೇ ಇರಲಿ.